ಗೊರಕೆಯ ಪ್ರಶ್ನೆ

ಅಕ್ಕನನ್ನು ಕರೆದುಕೊಂಡು ಹೋದದ್ದೇ ತಪ್ಪಾಯಿತು.

ನಡುವಯಸ್ಸಿನ ಗಂಡಸರ ಹೃದಯಕ್ಕೆ ಯಾವುದರಿಂದ ಅಪಾಯ ಎಂದು ವರ್ಷಾನುಗಟ್ಟಲೆ ನೋಡುತ್ತಿರುವ ಸಂಶೋಧನೆ ಅದು. ಎರಡು ವರ್ಷಕ್ಕೊಮ್ಮೆ ನಮ್ಮನ್ನು ಕರೆದು ರಕ್ತ, ತೂಕ, ಬಿ.ಪಿ., ಸೊಂಟದ ಸುತ್ತಳತೆ ಎಲ್ಲ ಬರೆದುಕೊಳ್ಳುತ್ತಾರೆ. ಹನ್ನೆರಡು ವರ್ಷದಿಂದ ನನ್ನನ್ನು ಅಳೆಯುತ್ತಿರುವವರು ಒಬ್ಬರೇ ಮೇಡಂ. ಟೇಪು ಸುತ್ತುವಾಗ ನಾನು ಹೊಟ್ಟೆ ಒಳಗೆಳೆದುಕೊಂಡರೆ, ಕನ್ನಡಕದ ಮೇಲಿನಿಂದ ನೋಡಿ, "ಉಸಿರು ಬಿಡಿ ಮೇಷ್ಟ್ರೇ. ನಂಗೇನೂ ಅವಸರ ಇಲ್ಲ," ಅನ್ನುತ್ತಾರೆ.

ಎರಡು ವರ್ಷ ನಾನು ಕಾಯುವುದು ಆ ಒಂದು ನೋಟಕ್ಕೆ.

ಈ ಸಲ ನಿದ್ದೆಯ ಬಗ್ಗೆ ಹೊಸ ಪ್ರಶ್ನೆಗಳಿದ್ದವು. ಗೊರಕೆಯ ವಿಷಯ ಹೆಂಡತಿಯೇ ಹೇಳಬೇಕಂತೆ. "ಅವಳಿಗೆ ಜ್ವರ," ಎಂದು ಫೋನಿನಲ್ಲಿ ಹೇಳಿ, ಮನೆಯಲ್ಲೇ ಇರುವ ಅಕ್ಕನನ್ನು ಹೊರಡಿಸಿದೆ.

"ಇವನ ಗೊರಕೆನಾ? ಪಕ್ಕದ ಮನೆಯವರನ್ನ ಕೇಳಿ, ಅವರೇ ಹೇಳ್ತಾರೆ," ಅಂದಳು ಅಕ್ಕ.

ಮೇಡಂ ನಕ್ಕರು. "ಇವರ ಹೆಂಡತಿಗೆ ಜ್ವರ ಬಿಡ್ತಾ?"

"ಯಾವ ಹೆಂಡತಿ? ಡೈವೋರ್ಸ್ ಆಗಿ ಆರು ವರ್ಷ ಆಯ್ತಲ್ಲಮ್ಮ!"

ಪೆನ್ನು ನಿಂತಿತು. ಮೇಡಂ ನನ್ನ ಫೈಲನ್ನು ಹಿಂದಕ್ಕೆ ಮಗುಚಿದರು. ಮೂರು ಭೇಟಿ, ಮೂರು ಹಾಳೆ. ಮೂರರಲ್ಲೂ 'ವಿವಾಹಿತ' ಎಂಬುದರ ಮುಂದೆ ನಾನೇ ಹಾಕಿದ ಗುರುತು. ಅಕ್ಕ ನನ್ನ ಮುಖ ನೋಡಿ, "ನೀರು ಕುಡ್ಕೊಂಡು ಬರ್ತೀನಿ," ಎಂದು ಎದ್ದು ಹೋದಳು.

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ರೀಡಿಂಗ್ ಬದಲಿಸಿದ ಹುಡುಗರಿಗೆ ಸೊನ್ನೆ ಹಾಕುವವನು ನಾನು. ತಲೆ ಎತ್ತಲಾಗಲಿಲ್ಲ.

"ಹೆಂಡತಿ ಬಿಟ್ಟುಹೋದ ಗಂಡಸಿನ ಎದೆಗೆ ಏನಾಗುತ್ತೆ ಅಂತ ತಿಳಿಯೋಕೇ ಈ ಪ್ರಶ್ನೆ ಇರೋದು. ಯಾಕೆ ಹೀಗೆ ಮಾಡಿದ್ರಿ?"

"ಮೊದಲ ಸಲ ನಾಚಿಕೆಗೆ. ಆಮೇಲೆ... ನಿಜ ಹೇಳಿದ್ರೆ ನೀವು ಸುಳ್ಳುಗಾರ ಅಂದ್ಕೋತೀರಿ ಅಂತ. ಬೇರೆ ಯಾರು ಏನಂದ್ಕೊಂಡ್ರೂ ನಡೀತಿತ್ತು."

ಅವರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಉಪ್ಪು ಕಮ್ಮಿ ಮಾಡಿ ಅಂತ ನಿಮ್ಮ ಹೆಂಡತಿಗೆ ಚೀಟಿ ಬರೀತಿದ್ನಲ್ಲ, ಪ್ರತಿ ಸಲ ನಂಗೆ ನಾಚಿಕೆ ಆಗ್ತಿತ್ತು."

"ನಿಮಗ್ಯಾಕೆ?"

"ಅವರ ಗಂಡ ಬರೋ ದಿನ ಮಾತ್ರ ನಾನು ಎರಡು ಸಲ ಕನ್ನಡಿ ನೋಡ್ಕೊಂಡು ಬರ್ತಿದ್ದೆ." ಕಿವಿಯವರೆಗೂ ಕೆಂಪಾಗಿದ್ದರು. ಹಾಳೆಗಳನ್ನು ನನ್ನತ್ತ ತಳ್ಳಿದರು. "ತಿದ್ದಿ. ಅಳಿಸ್ಬೇಡಿ. ಒಂದೇ ಗೆರೆ ಎಳೀರಿ, ಹಳೇದು ಕಾಣ್ತಿರ್ಬೇಕು. ಪಕ್ಕದಲ್ಲಿ ಸಹಿ, ತಾರೀಖು."

ಮೂರು ಗೆರೆ ಎಳೆದೆ. ಮೂರೂ ಸೊಟ್ಟಗಾದವು.

ಅವರು ಫೈಲು ಮುಚ್ಚಿದರು. "ಇದನ್ನ ಪಕ್ಕದ ರೂಮಿನವರಿಗೆ ಕೊಡ್ತೀನಿ. ಇನ್ಮೇಲೆ ನಿಮ್ಮನ್ನ ನಾನು ಅಳೆಯೋ ಹಾಗಿಲ್ಲ."

"ಸುಳ್ಳು ಹೇಳಿದ್ದಕ್ಕಾ?"

"ಅಲ್ಲ." ಕನ್ನಡಕದ ಮೇಲಿನಿಂದ ಅದೇ ನೋಟ. "ತಮಗೆ ಹತ್ತಿರದವರನ್ನ ತಾವೇ ಅಳೀಬಾರದು ಅಂತ ಇಲ್ಲಿ ನಿಯಮ ಇದೆ. ಉಸಿರು ಬಿಡಿ ಮೇಷ್ಟ್ರೇ."

ಬಿಟ್ಟೆ.