ಅರ್ಧ ಬಾಯಿಯ ಮಾತು

"ಬಲಗಡೆ, ಮೇಲಿನ ಸಾಲು. ಐದು... ಆರು... ಆರು. ರಕ್ತ ಬರ್ತಿದೆ, ಬರ್ಕೋ," ಎಂದರು ಡಾಕ್ಟರಮ್ಮ.

ಕುರ್ಚಿಯಲ್ಲಿ ಮಲಗಿದ್ದ ಟೀಚರ್, ಬರೆದುಕೊಳ್ಳುತ್ತಿದ್ದ ಸಹಾಯಕನತ್ತ ಓರೆಗಣ್ಣು ಹಾಯಿಸಿದಳು. ಮಾಸ್ಕ್ ಇದ್ದರೇನು, ಆ ಕಣ್ಣುಗಳನ್ನು ಮರೆಯುವುದುಂಟೇ... ಅವನೇ!

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಪಾಪ, ಬಾಯಿ ಬಿಟ್ಟುಕೊಂಡಿದ್ದವಳು ಅವಳೇ.

ಹಲ್ಲಿನಿಂದ ಒಸಡು ಎಷ್ಟು ಆಳ ಬಿಟ್ಟುಕೊಂಡಿದೆಯೆಂದು ಸಣ್ಣ ಕಡ್ಡಿ ಇಳಿಸಿ ಅಳೆದು, ಗಟ್ಟಿಯಾಗಿ ಹೇಳುವುದು ಅಲ್ಲಿನ ರೀತಿ. ಮೂರು ಮಿಲಿಮೀಟರಿನೊಳಗಿದ್ದರೆ ಚಿಂತೆಯಿಲ್ಲ. ಅವಳದು ಏಳಕ್ಕೂ ಹೋಯಿತು. ಒಂದೊಂದನ್ನೂ ಅವನು ತಲೆ ತಗ್ಗಿಸಿ ಬರೆದ.

ಆರು ತಿಂಗಳ ಹಿಂದೆ ಅವನು ಅವಳ ಶಾಲೆಯೆದುರಿನ ಮೆಡಿಕಲ್ ಶಾಪಿನಲ್ಲಿದ್ದ. ದಿನಾ ಸಂಜೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುತ್ತಿದ್ದ. ಒಂದು ಸಂಜೆ ತೀರಾ ಹತ್ತಿರ ಬಂದು, ನಿಮ್ಮನ್ನು ಬಿಟ್ಟಿರಲಾರೆ ಎಂದ. ಅವಳಿಗೂ ಅವನೆಂದರೆ ಪ್ರಾಣ. ಆದರೆ ತನ್ನ ಬಾಯಿಯ ವಾಸನೆ ನೆನಪಾಗಿ, ಕೈ ಅಡ್ಡ ಹಿಡಿದು ಮುಖ ತಿರುಗಿಸಿ ಬಸ್ ಹತ್ತಿಬಿಟ್ಟಳು. ಅವನು ಅದನ್ನು ತಿರಸ್ಕಾರವೆಂದುಕೊಂಡ. ಮರುವಾರ ಕೆಲಸವನ್ನೇ ಬಿಟ್ಟು ಹೋದ.

ಗುರುತಿನವರು ಯಾರೂ ನೋಡಬಾರದೆಂದು ಎರಡು ಬಸ್ ಬದಲಿಸಿ ಈ ಕ್ಲಿನಿಕ್ಕಿಗೆ ಬಂದರೆ... ಯಾರಿಂದ ಮುಚ್ಚಿಟ್ಟಿದ್ದಳೋ ಅವನ ಕಣ್ಣೆದುರೇ ಎಲ್ಲ ಬಯಲಾಗಿತ್ತು.

ಇಂಜೆಕ್ಷನ್ ಕೊಟ್ಟ ಮೇಲೆ ಬಲಗಡೆ ಪೂರ್ತಿ ಮರಗಟ್ಟಿತು. ಡಾಕ್ಟರಮ್ಮ ಒಸಡಿನ ಕೆಳಗೆ ಕೆರೆಯತೊಡಗಿದರು. ಬಾಯಲ್ಲಿ ತುಂಬುತ್ತಿದ್ದ ರಕ್ತ, ಎಂಜಲನ್ನು ಅವನು ಪೈಪಿನಿಂದ ಎಳೆದು ತೆಗೆಯುತ್ತಿದ್ದ. 'ಇನ್ನೇನು ಉಳಿಯಿತು? ಇಷ್ಟು ನೋಡಿದ ಮೇಲೆ ಯಾವ ಗಂಡಸು...' ಕಣ್ಣೀರು ಕಿವಿಗಿಳಿಯಿತು. ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ಹಲ್ಲಿನ ಸುತ್ತ ಸವೆದ ಮೂಳೆ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದು ಹೇಳಿ ಡಾಕ್ಟರಮ್ಮ ಪಕ್ಕದ ಕೋಣೆಗೆ ಹೋದರು.

ಅವನು ಕುರ್ಚಿಯನ್ನು ನಿಧಾನವಾಗಿ ಮೇಲೆತ್ತಿದ. ಮಾಸ್ಕ್ ತೆಗೆದ.

"ಎಷ್ಟು ದಿನದಿಂದ ಹೀಗಿದೆ?"

ಅವಳು ಎರಡು ಬೆರಳು ತೋರಿಸಿದಳು.

"ಎರಡು ವರ್ಷಾನಾ? ಹಾಗಾದ್ರೆ ಅವತ್ತು... ಇದಕ್ಕೇನಾ ಮುಖ ತಿರುಗಿಸಿದ್ದು?"

ಹೌದೆಂದು ತಲೆಯಾಡಿಸಿದಳು. ಅಷ್ಟಕ್ಕೇ ಬಿಟ್ಟರೆ ಇವನು ಮತ್ತೆ ಕಳೆದುಹೋದಾನೆಂದು ಜೀವ ಹೊಡೆದುಕೊಂಡಿತು. ತುಟಿ ಜೋತು ಬಿದ್ದಿತ್ತು, ಜೊಲ್ಲು ಸೋರುತ್ತಿತ್ತು. ಆದರೂ ಹೇಳಿದಳು.

"ನೀವು ಬೇಡ ಅಂತಲ್ಲ... ನಿಮಗೆ ನಾನು ಬೇಡ ಆಗಿಬಿಡ್ತೀನಿ ಅಂತ."

ಅವನು ಹತ್ತಿಯಿಂದ ಅವಳ ಗಲ್ಲ ಒರೆಸಿದ. "ಆರು ತಿಂಗಳು ನಾನೇನು ತಪ್ಪು ಮಾಡ್ದೆ ಅಂತ ಯೋಚಿಸ್ತಾ ಕೂತಿದ್ದೆ, ಟೀಚರ್. ಒಂದು ಮಾತು ಕೇಳ್ಬೇಕಿತ್ತು ನಾನು."

ಹತ್ತಿಯನ್ನು ಬುಟ್ಟಿಗೆ ಹಾಕಿ, ಅವಳ ಚೀಟಿಯಲ್ಲಿ ಮುಂದಿನ ತಾರೀಖು ಬರೆದ.

"ಮುಂದಿನ ವಾರ ಎಡಗಡೆ ಮಾಡ್ತಾರೆ," ಎಂದ ಅವನು. "ನಿಮಗೆ ಮುಜುಗರ ಆಗೋದಾದ್ರೆ ಅವತ್ತು ನಾನು ರಜಾ ಹಾಕ್ತೀನಿ."

ಅವಳು ಅವನ ತೋಳು ಹಿಡಿದುಕೊಂಡಳು.

"ಬೇಡ. ಇರಿ... ನಂಗೆ ಭಯ ಆಗುತ್ತೆ."

"ಇರ್ತೀನಿ," ಎಂದ.