ಬಾಯಿಪಾಠದ ಕಣ್ಣು

"ಅಂಗಡಿ ದೊಡ್ಡವನಿಗೆ, ಮಹಡಿ ಮನೆ ಪುಟ್ಟಿಗೆ. ನಾಳೆ ನಾಲ್ಕು ಜನರ ಮುಂದೆ ಹೇಳಿಬಿಡ್ತೀನಿ. ಆಮೇಲೆ ಯಾರೂ ತಕರಾರು ತೆಗೀಬಾರದು!" ಎಂದು ಅಪ್ಪ ಊಟದ ಮೇಜು ಕುಟ್ಟಿ ಹೇಳಿದಾಗ ನಡುವಿನ ಮಗಳು ಅವರ ತಟ್ಟೆಗೇ ಬಡಿಸುತ್ತಿದ್ದಳು. ಸೌಟು ಕೈಯಲ್ಲೇ ನಿಂತಿತು. ಇನ್ನೊಂದು ಮಾತು ಬರಬಹುದೆಂದು ಕಾದಳು. ಅಪ್ಪ ಉಪ್ಪು ಕೇಳಿದರು.

"ಮತ್ತೆ... ನನಗೆ?"

"ನಿನಗೇನು?" ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯ. "ನೀನು ಹೇಗೂ ಅಂಗಡಿ ಹಿಂದೆ ಲೆನ್ಸ್ ಉಜ್ಜಿಕೊಂಡು ಇದ್ದೀಯಲ್ಲ. ಇದ್ದ ಹಾಗೇ ಇರು."

ನೋಡಿ ಹೇಗಿದೆ! ಬೈದಿದ್ದರೂ ಸಹಿಸಿಕೊಳ್ಳಬಹುದಿತ್ತು. ಮರೆತೇಬಿಟ್ಟಿದ್ದರು ಮಹಾನುಭಾವರು! ಮದುವೆ ಗಿದುವೆ ಎಲ್ಲ ಬಿಟ್ಟು, ಆ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜಿನ ಪುಡಿ ಕುಡಿದುಕೊಂಡು ಅಂಗಡಿ ನಡೆಸಿದವಳು ಅವಳು. ದೊಡ್ಡವನಿಗೋ, ಲೆನ್ಸಿನ ಒಳಗು ಯಾವುದು ಹೊರಗು ಯಾವುದು ಎಂದೂ ತಿಳಿಯದು. ಅವಳಿಗೆ ಅಂಗಡಿಯ ಆಸೆಗಿಂತ ದೊಡ್ಡ ಆಸೆ ಒಂದಿತ್ತು. 'ಇದು ನಡೆದಿದ್ದು ನನ್ನ ಈ ಮಗಳ ಕೈಯಿಂದ' ಎಂದು ಅಪ್ಪ ಒಮ್ಮೆ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ಹೇಳಬೇಕು. ಅಷ್ಟೇ!

ಅಪ್ಪ ಅವಳನ್ನು ನೋಡದೇ ಹೋದದ್ದು ಇಂದು ನಿನ್ನೆಯ ಕಥೆಯಲ್ಲ. ಶಾಲೆಯಲ್ಲಿ ಅವಳಿಗೆ ಕರಿಹಲಗೆ ಎಂದರೆ ಬರೀ ಮಬ್ಬು. ಏಟು ತಿಂದಳು, ದಡ್ಡಿ ಎನಿಸಿಕೊಂಡಳು. ಊರಿಗೆಲ್ಲ ಕನ್ನಡಕ ಕೊಟ್ಟವರ ಮಗಳಿಗೇ ಕಣ್ಣು ಕಾಣುತ್ತಿರಲಿಲ್ಲ! ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದರು. ರಜೆ ಬಂದಾಗಲೆಲ್ಲ ಮೂವರನ್ನೂ ಎತ್ತರದ ಕುರ್ಚಿಯಲ್ಲಿ ಕೂರಿಸಿ ಗೋಡೆಯ ಚಾರ್ಟಿನ ಅಕ್ಷರ ಓದಿಸುತ್ತಿದ್ದರು. ಗಿರಾಕಿಗಳು ದಿನವಿಡೀ ಓದುವುದನ್ನು ಕೇಳಿ ಕೇಳಿ ಅವಳಿಗೆ ಅದು ಮಗ್ಗಿಯಂತೆ ಬಾಯಿಗೆ ಬಂದಿತ್ತು. ಅದನ್ನು ಬಾಯಿಪಾಠ ಒಪ್ಪಿಸುವುದೇ ಪರೀಕ್ಷೆ ಎಂದುಕೊಂಡಿತ್ತು ಆ ಹುಚ್ಚು ಕೂಸು! ಒಂದಕ್ಷರವೂ ತಪ್ಪಿಲ್ಲದೆ ಗಡಗಡ ಹೇಳಿದರೆ ಅಪ್ಪ "ಸರಿ, ಇಳಿ" ಎನ್ನುತ್ತಿದ್ದರು. ಆ ಒಂದು 'ಸರಿ'ಗಾಗಿ ಅವಳು ಇನ್ನೂ ಚೆನ್ನಾಗಿ ಕಲಿತಳು... ಕೊನೆಗೆ ಹೈಸ್ಕೂಲಿನ ಟೀಚರೊಬ್ಬರು ಕಂಡುಹಿಡಿದರು. ಅಪ್ಪ ಮಾಡಿದ್ದೇನು? "ನನ್ನ ಮರ್ಯಾದೆ ತೆಗೆದೆಯಲ್ಲೇ!" ಎಂದು ಎಲ್ಲರೆದುರೇ ಬೈದು, ಅಣ್ಣ ಬಿಸಾಡಿದ್ದ ಹಳೆಯ ಫ್ರೇಮಿಗೆ ಲೆನ್ಸ್ ಹಾಕಿಕೊಟ್ಟರು.

ಈಗ ಕೇಳಿ. ಕೆಲ ಕಾಲದಿಂದ ಅಪ್ಪನ ಕಣ್ಣೇ ಮಂಜಾಗಿತ್ತು. ಆ ಮನೆಯಲ್ಲಿ ಇನ್ಯಾರಿಗೂ ಅದು ಗೊತ್ತಾಗಲಿಲ್ಲ, ಅವಳಿಗೆ ಮಾತ್ರ ಗೊತ್ತಾಯಿತು. ಗಿರಾಕಿ ತಪ್ಪು ಓದಿದಾಗ ಅಪ್ಪ ಗೋಡೆಯ ಕಡೆ ತಿರುಗದೆಯೇ ತಿದ್ದುತ್ತಿದ್ದರು, ಅದೇ ರಾಗದಲ್ಲಿ... ಅವಳು ಚಿಕ್ಕಂದಿನಲ್ಲಿ ಹೇಳುತ್ತಿದ್ದ ಮಗ್ಗಿಯ ರಾಗದಲ್ಲಿ! ಅವರು ಬರೆದುಕೊಟ್ಟ ತಪ್ಪು ನಂಬರುಗಳನ್ನು ಗಿರಾಕಿಯ ಹಳೆಯ ಕನ್ನಡಕ ನೋಡಿ ಗುಟ್ಟಾಗಿ ಸರಿಪಡಿಸಿದಳು. ಒಂದು ದಿನ ಹತ್ತಿರ ಕೂತು, ಮುದುಕರ ಮನಸ್ಸು ನೋಯದಂತೆ ಹೇಳೋಣ ಎಂದುಕೊಂಡಿದ್ದಳು. 'ಇದ್ದ ಹಾಗೇ ಇರು' ಎಂಬ ಮಾತು ಆ ಕರುಣೆಗೆ ಎಳ್ಳುನೀರು ಬಿಟ್ಟಿತು.

ಮರುದಿನ ಬಂಧುಗಳೂ ಹಳೆಯ ಗಿರಾಕಿಗಳೂ ಸೇರಿದ್ದರು. ಎಲ್ಲರೂ ಮಹಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವಳು ಕೆಳಗಿಳಿದು, ಗೋಡೆಯ ಚಾರ್ಟು ತೆಗೆದು ಅದೇ ಮೊಳೆಗೆ ಹೊಸದನ್ನು ನೇತುಹಾಕಿದಳು. ಎಷ್ಟೋ ವರ್ಷಗಳ ನಂತರ ಅವಳ ಹೊಟ್ಟೆ ತಣ್ಣಗಾಗಿತ್ತು.

ಕಾಫಿ ಮುಗಿಸಿ ಎಲ್ಲರೂ ಕೆಳಗೆ ಅಂಗಡಿಗೆ ಇಳಿದರು. ಬೀಗದ ಕೈ ಮಗನಿಗೆ ದಾಟಿತು. ಚಪ್ಪಾಳೆ ಆಯಿತು. ಆಗ ಅವಳು ನಗುತ್ತಲೇ ಮುಂದೆ ಬಂದಳು. "ಅಪ್ಪಾ, ಅಣ್ಣನಿಗೆ ಮೊದಲ ಬೋಣಿ ನೀವೇ ಮಾಡಿ. ನಿಮ್ಮ ಕಣ್ಣು ಅವನು ನೋಡಲಿ."

ಅಪ್ಪ ಹಿಗ್ಗಿಹೋದರು! "ಈ ವಯಸ್ಸಲ್ಲೂ ನನಗೆ ಕನ್ನಡಕ ಬೇಡ, ನೋಡ್ಕೊಳ್ಳಿ!" ಎನ್ನುತ್ತ ಕುರ್ಚಿ ಏರಿದರು. ಅಣ್ಣ ಬೆತ್ತ ಹಿಡಿದು ಮೊದಲ ಸಾಲು ತೋರಿಸಿದ.

"ಗ!" ಅಪ್ಪನ ದನಿ ಖಣ್ ಎಂದಿತು. "ಟ, ಪ... ರ, ಸ, ಮ... ಇನ್ನೂ ಕೆಳಗೆ ಹೋಗೋ, ಕೊನೇ ಸಾಲೂ ಹೇಳ್ತೀನಿ!"

ಹೇಳಿಯೂಬಿಟ್ಟರು. ನಿಲ್ಲಿಸಿ ಎನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅಣ್ಣನ ಕೈಯ ಬೆತ್ತ ಮೆಲ್ಲಗೆ ಕೆಳಗಿಳಿಯಿತು.

"ಅಪ್ಪಾ... ಅಲ್ಲಿ ಅದ್ಯಾವುದೂ ಇಲ್ಲ. ಚಾರ್ಟೇ ಬೇರೆ."

"ಬೇರೆ ಅಂದ್ರೆ? ಯಾರು ಬದಲಾಯಿಸಿದ್ದು?"

"ನಾನು!"

ಪುಟ್ಟಿ ಅಕ್ಕನ ತೋಳು ಹಿಡಿದೆಳೆದಳು. "ಎಲ್ಲರ ಮುಂದೆ ಹೀಗೆ ಮಾಡಬೇಕಿತ್ತಾ ಅಕ್ಕಾ? ಪಾಪ, ವಯಸ್ಸಾದವರು..."

"ಎಲ್ಲರ ಮುಂದೆಯೇ ಮಾಡಬೇಕಿತ್ತು ಕಣೇ! ನನ್ನ ಬೈಯುವಾಗ ಇವರು ಬಾಗಿಲು ಹಾಕ್ಕೊಂಡಿದ್ರಾ?"

ಅಪ್ಪನ ಮುಖ ಬಿಳಿಚಿಕೊಂಡಿತ್ತು. "ನನಗೆ ಕಾಣಲ್ಲ ಅಂತ... ನಿನಗೆ ಹೇಗೆ ಗೊತ್ತಾಯ್ತು?"

"ಇದೇ ಕುರ್ಚಿ ಮೇಲೆ ಕೂತು ನಾನೂ ಹೀಗೇ ಒಪ್ಪಿಸ್ತಿದ್ದೆನಲ್ಲ ಅಪ್ಪಾ! ನೀವು ಎದುರಿಗೇ ನಿಂತಿದ್ರಿ. ಒಂದು ದಿನ, ಒಂದೇ ಒಂದು ದಿನ ನನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು... ನಾನು ಗೋಡೆ ಕಡೆ ನೋಡ್ತಾನೇ ಇರಲಿಲ್ಲ. ನಿಮ್ಮನ್ನ ನೋಡ್ತಿದ್ದೆ!"

ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಜಾರಿಕೊಂಡರು. ಅಣ್ಣ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಪುಟ್ಟಿಯ ಹಿಂದೆ ಮಹಡಿ ಹತ್ತಿದ. ಉಳಿದವರು ಇಬ್ಬರೇ. ಅವಳು ಹೊರಡಲು ತಿರುಗಿದಾಗ ಕುರ್ಚಿಯಿಂದ ಕ್ಷೀಣವಾದ ದನಿ ಬಂತು.

"ನನ್ನ ಕಣ್ಣು... ನೀನು ನೋಡು."

ಅವಳು ಸ್ಟೂಲು ಎಳೆದುಕೊಂಡು ಅವರೆದುರು ಕೂತಳು. ಪರೀಕ್ಷೆಯ ಫ್ರೇಮನ್ನು ಅವರ ಮೂಗಿನ ಮೇಲಿಟ್ಟು ಒಂದೊಂದೇ ಗಾಜು ಬದಲಾಯಿಸುತ್ತ ಹೋದಳು. "ಈಗ? ಇದರಲ್ಲಿ?" ಯಾರೋ ಗಿರಾಕಿಯೊಡನೆ ಆಡುವಂಥ ದನಿ. ಒಂದು ಗಾಜಿಗೆ ಅಪ್ಪ ತಟ್ಟನೆ ನೆಟ್ಟಗೆ ಕೂತರು. ಚಾರ್ಟನ್ನು ನೋಡಲಿಲ್ಲ, ಅವಳನ್ನು ನೋಡಿದರು.

"ಕೂದಲೆಲ್ಲ ನರೆತುಹೋಗಿದೆಯಲ್ಲೇ... ಹುಬ್ಬಿನ ಮೇಲೆ ಅದೇನು ಗಾಯದ ಗುರುತು? ಯಾವಾಗ ಆಯ್ತು?"

"ಚಿಕ್ಕವಳಿದ್ದಾಗ. ಮೆಟ್ಟಿಲು ಕಾಣದೆ ಬಿದ್ದಿದ್ದು."

"ನೋಡಲೇ ಇಲ್ಲ ನಾನು... ಪಾಪಿ ನಾನು! ಈ ಅಂಗಡಿ ನಿಂತಿರೋದೇ ನಿನ್ನ ಕೈಯಿಂದ ಮಗಳೇ. ಎಲ್ಲ ನಿನ್ನದೇ... ತಗೋ!"

ಜನ್ಮವಿಡೀ ಕಾದ ಮಾತು ಬಂದೇಬಿಟ್ಟಿತು. ಆದರೆ ಬಂದದ್ದು ಯಾವಾಗ? ಕೇಳಬೇಕಾದವರೆಲ್ಲ ಹೋದ ಮೇಲೆ! ಅವಳಿಗೆ ಅಳು ಉಕ್ಕಿತು, ಅದರ ಬೆನ್ನಿಗೇ ಸಿಟ್ಟು ಉಕ್ಕಿತು.

"ಆಗಲೇ ಹೇಳಬೇಕಿತ್ತು ಅಪ್ಪಾ. ಅವರೆಲ್ಲ ಇದ್ದಾಗ." ಕೈ ಚಾಚಿ ಫ್ರೇಮನ್ನು ಅವರ ಮುಖದಿಂದ ತೆಗೆದುಕೊಂಡಳು. "ನಿಮ್ಮ ಕನ್ನಡಕ ಮಾಡಿಕೊಡ್ತೀನಿ. ಅದೇ ನನ್ನ ಕೊನೇ ಕೆಲಸ. ಅಣ್ಣನ ಕೈಲಿ ಕಳಿಸ್ತೀನಿ."

ಸದ್ದಾಗದಂತೆ ಎದ್ದು ಬಾಗಿಲವರೆಗೆ ಹೋದಳು. ಹಾಳು ಮನಸ್ಸು, ಅಲ್ಲೊಮ್ಮೆ ನಿಂತು ತಿರುಗಿ ನೋಡಿತು.

ಗಾಜಿಲ್ಲದೆ ಮತ್ತೆ ಮಬ್ಬಾದ ಕಣ್ಣಲ್ಲಿ ಅಪ್ಪ ಎದುರಿನ ಖಾಲಿ ಸ್ಟೂಲಿನ ಕಡೆಗೆ ಬಾಗಿ, ಗಾಳಿಯಲ್ಲಿ ಕೈ ಆಡಿಸುತ್ತ, ಅದಕ್ಕೇ ಹೇಳುತ್ತಿದ್ದರು. "ಅಳಬೇಡ ಮಗಳೇ... ಮಾತಾಡು... ನಾನಿನ್ನು ನಿನ್ನನ್ನೇ ನೋಡ್ತಾ ಇರ್ತೀನಿ..."

'ಇಲ್ಲಿದ್ದೀನಿ ಅಪ್ಪಾ' ಎಂಬ ಮಾತು ಅವಳ ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡು ಅವಳು ಬೀದಿಗೆ ಇಳಿದಳು.