ದಡ್ಡಿ ಹಿನ್ನೀರಿನ ಅಳತೆ ದೋಣಿ

ಫೆಬ್ರುವರಿ 12, ಬುಧವಾರ, ಬೆಳಿಗ್ಗೆ 10.15. ದಡ್ಡಿಯ ಶೆಟ್ಟೆವ್ವ ಹುಕ್ಕೇರಿ ಠಾಣೆಯ ಮೆಟ್ಟಿಲು ಹತ್ತಿದಾಗ, ಅವಳ ಗಂಡ ಉದ್ದಪ್ಪನನ್ನು ಮಣ್ಣು ಮಾಡಿ ಒಂದು ದಿನವಷ್ಟೇ ಆಗಿತ್ತು. ಹೂಳು ಅಳೆಯುವ ಖಾಸಗಿ ಕಂಪನಿಯೊಂದು ಅವನ ಮೀನಿನ ದೋಣಿಯನ್ನೇ ಬಾಡಿಗೆಗೆ ಹಿಡಿದು, ಅದನ್ನು ತಾನೇ ನಡೆಸುವ ಯಂತ್ರ ಕೂರಿಸಿತ್ತು. ಸೋಮವಾರ ದೋಣಿ ಗರ್ರನೆ ತಿರುಗಿ ಬಂಡೆಗೆ ಬಡಿದು ಉದ್ದಪ್ಪ ಸತ್ತಿದ್ದ.

"ಕುಡದು ಹೊಡದಾನಂತ ಕಂಪನಿಯವರು ಬರಕೊಟ್ಟಾರ್ರಿ. ದೋಣ್ಯಾಗ ಬಾಟ್ಲಿ ಸಿಕ್ಕೈತಂತ. ಮಾಯಕ್ಕದೇವಿ ಆಣಿ ಮಾಡಿ ಕುಡಿಯೂದು ಬಿಟ್ಟು ಹನ್ನೆರಡ ವರ್ಷಾತ್ರಿ. ಅಂವ ಅಂತೂ ಬರೂದಿಲ್ಲ. ಆ ಮಾತರ ಅಳಸ್ರಿ."

ಪಿಎಸ್‌ಐ ನಂದಿನಿ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಸತ್ತೆಪ್ಪನೊಂದಿಗೆ ಮಧ್ಯಾಹ್ನ ದಡ್ಡಿಗೆ ಹೊರಟರು. ದಂಡೆಗೆ ಎಳೆದಿಟ್ಟಿದ್ದ ದೋಣಿಯ ಹಿಂಭಾಗದ ಪೆಟ್ಟಿಗೆಗೆ ಬೀಗವಿತ್ತು. ಕೀಲಿ ಒಂದೇ, ಕಂಪನಿಯ ಎಂಜಿನಿಯರ್ ಶುಭಮ್ ಬಳಿ. ತರಿಸಿ ತೆಗೆಸಿದರು. ಒಳಗೆ ಅಂಗೈಯಗಲದ ಸೆನ್ಸರ್. ಚುಕ್ಕಾಣಿ ಯಾವ ಕಡೆ, ಎಷ್ಟು ತಿರುಗಿದೆ ಎಂದು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಕವುಚಿ ಕೂರಿಸಿದರೆ ಎಡವನ್ನು ಬಲವೆಂದು ಹೇಳುತ್ತದೆ.

"ಯಂತ್ರದ ಪುಸ್ತಕದಾಗ ಇದ್ದಂಗ ಅಂಗಾತನ ಐತ್ರಿ ಮೇಡಂ," ಎಂದ ಸತ್ತೆಪ್ಪ.

ದಂಡೆಯಲ್ಲಿ ನಿಂತಿದ್ದ ಶೆಟ್ಟೆವ್ವ ಇಣುಕಿದಳು. "ಭಂಡಾರ ಎಲ್ಲಿ ಹ್ವಾತ್ರಿ? ಕೂಡ್ರಿಸಿದ ದಿನ ಎಣ್ಣಿ ಹಚ್ಚಿ, ಇದರ ನೆತ್ತಿ ತುಂಬ ನಾನ ಬಳದಿದ್ದೆ."

ನಂದಿನಿ ಪಂಚರ ಎದುರಿಗೆ ಸ್ಕ್ರೂ ಬಿಚ್ಚಿಸಿದರು. ಹಲಗೆಗೆ ಒತ್ತಿಕೊಂಡಿದ್ದ ತಳಭಾಗದಲ್ಲಿ ಭಂಡಾರದ ಅರಿಶಿನ ಗಟ್ಟಿಯಾಗಿ ಅಂಟಿತ್ತು. ಅಂದು ನೆತ್ತಿಯಾಗಿದ್ದುದು ಇಂದು ತಳವಾಗಿದೆ. ಅಂದರೆ ಮೊದಲು ಕವುಚಿಯೇ ಇತ್ತು, ದೋಣಿ ತಪ್ಪಾಗಿ ತಿರುಗಿದ್ದು ಅದಕ್ಕೇ; ಸಾವಿನ ಬಳಿಕ ಯಾರೋ ಹೊರಳಿಸಿ ಕೂರಿಸಿದ್ದಾರೆ. ಪಂಚನಾಮೆ ಮುಗಿದಾಗ 5.20.

ಮರುದಿನ ಮೂಡಲಗಿ. ಸೆನ್ಸರ್ ಜೋಡಿಸಿದ ಸೊಹೇಲ ಟ್ರ್ಯಾಕ್ಟರ್ ವೈರಿಂಗ್ ಮಾಡುವವನು.

"ಕವುಚಿ ಯಾಕ ಹಾಕಿದಿ?" ಎಂದು ನಂದಿನಿ ಕೇಳಿದರು.

"ವೈರಿಗೆ ನೀರ ತಾಗತೈತಿ, ಕವುಚಿ ಹಾಕು ಅಂತ ಶುಭಮ್ ಸಾಹೇಬ್ರು ಫೋನಿನ್ಯಾಗ ಹೇಳಿದ್ರಿ."

"ನೀರಿಗಿಳಿಸಿ ನೋಡ್ಲಿಲ್ಲ?"

"ಟ್ರ್ಯಾಕ್ಟರ್ ಆದ್ರ ನಾನ ಹತ್ತಿ ಒಂದ ಸುತ್ತ ಹೊಡದ ಬಿಡ್ತೇನ್ರಿ. ಇಲ್ಲಿ ಅವರ ನೋಡ್ತೇನಿ ಅಂದ್ರು. ಉದ್ದಪ್ಪ ಕಾಕಾ ಸಂಜೀತನಾ ದಾರಿ ಕಾಯ್ದಾ. ಯಾರೂ ಬರಲಿಲ್ಲ." ಸೊಹೇಲ ತಲೆ ತಗ್ಗಿಸಿದ. "ನಾನರ ಹತ್ತಬೇಕಾಗಿತ್ತರಿ."

ಅದೇ ದಿನಾಂಕದ ಕಂಪನಿಯ ಪರೀಕ್ಷಾ ವರದಿ ನಂದಿನಿಯ ಕೈಯಲ್ಲಿತ್ತು: 'ನೀರಿನ ಮೇಲೆ ಪರೀಕ್ಷಿಸಲಾಗಿದೆ, ಸರಿ ಇದೆ.' ಕೆಳಗೆ ಶುಭಮ್‌ನ ಸಹಿ.

ಫೆಬ್ರುವರಿ 14, ಮಧ್ಯಾಹ್ನ 3.30, ಗೋಕಾಕದ ಲಾಡ್ಜ್. ಕೋಣೆಯಲ್ಲಿ ಅತ್ತರಿನ ಘಾಟು. ಅರಿಶಿನ ಅಂಟಿದ ಸೆನ್ಸರಿನ ಫೋಟೊವನ್ನು ನಂದಿನಿ ಶುಭಮ್‌ನ ಮುಂದಿಟ್ಟರು.

"ಹೊಳ್ಳಿಸಿ ಹಾಕಿದ್ದು?"

"ನಾನ ರೀ. ನಾ ಸಹಿ ಮಾಡಿದ್ನಲ್ಲ, ನನ್ನ ಮ್ಯಾಲ ಬರತಿತ್ತು."

"ಬಾಟ್ಲಿ?"

"ನಾನ. ಅವರ ಮಂದಿ ಕುಡೀತಾರ, ಯಾರೂ ಕೆದಕೂದಿಲ್ಲ ಅನಸ್ತು."

ನಂದಿನಿ ವರದಿಯ ಸಹಿಯ ಮೇಲೆ ಬೆರಳಿಟ್ಟು ಕೇಳಿದರು: "ಸಹಿ ಮಾಡಿದ ದಿನ ದೋಣಿ ಯಾಕ ಹತ್ತಲಿಲ್ಲ?"

"ದಂಡೀತನಾ ಬಂದಿದ್ದೆ ಮೇಡಂ. ಮೀನಿನ ನಾತ. ಹೇಸಿಗಿ ಆಗಿ ಹಂಗ ಹೊಳ್ಳಿ ಬಂದೆ."

ಹಣದಾಸೆಯಲ್ಲ, ಹಗೆಯಲ್ಲ. ಒಬ್ಬನ ದುಡಿಮೆಯ ವಾಸನೆಗೆ ಮೂಗು ಮುಚ್ಚಿಕೊಂಡದ್ದು, ಅಷ್ಟೇ. ನಂದಿನಿ ಆ ಮಾತನ್ನು ಒಂದಕ್ಷರವೂ ಬಿಡದೆ ಹೇಳಿಕೆಯಲ್ಲಿ ಬರೆಸಿದರು. ಸಾಕ್ಷ್ಯ ನಾಶದ ಕಲಮು ಸೇರಿಸಿ, 4.40ಕ್ಕೆ ಬಂಧನ. ಜೀಪಿನಲ್ಲಿ ಅವನ ಪಕ್ಕ ಕೂರಲು ಅವರಿಗೆ ಮನಸ್ಸಾಗಲಿಲ್ಲ. ಮುಂದೆ ಕುಳಿತು ಕಿಟಕಿ ಇಳಿಸಿದರು.

ಸಂಜೆ ದಡ್ಡಿಗೆ ಹೋದ ಸತ್ತೆಪ್ಪ ಹೇಳಿಕೆಯ ಸಾಲನ್ನು ಶೆಟ್ಟೆವ್ವಳಿಗೆ ಓದಿ ಹೇಳಿದ: "ಮೃತ ಉದ್ದಪ್ಪನು ಕುಡಿದಿರಲಿಲ್ಲ. ಬಾಟಲಿಯನ್ನು ನಾನೇ ಇಟ್ಟೆನು."

ಅವಳು ಸೆರಗು ಸರಿಪಡಿಸಿಕೊಂಡು ಎದ್ದಳು.

"ಇಲ್ಲಿ ಬ್ಯಾಡ್ರಿ ಸಾಹೇಬ್ರ. ಓಣ್ಯಾಗ ಬರ್ರಿ. ಜೋರಾಗಿ ಓದ್ರಿ."